ಸ್ವರಲಿಪಿಯ ಸೂತ್ರ, ಯಂತ್ರದ ವಾರ್ತಿಕ

ವ್ಯಾಕರಣ ಪಾಠ ಹೇಳುವವರಿಗೆಲ್ಲ ಪರಿಚಿತವಾದ ಒಂದು ಗಳಿಗೆಯುಂಟು. ಸೂತ್ರವನ್ನು ಹಲಗೆಯ ಮೇಲೆ ಬರೆದು ಮುಗಿಸಿ ಕೈಯ ಸೀಮೆಸುಣ್ಣದ ಪುಡಿಯನ್ನು ಕೊಡವಿಕೊಳ್ಳುವಷ್ಟರಲ್ಲಿ, ಹಿಂದಿನ ಬೆಂಚಿನಿಂದ ಯಾರೋ ಎದ್ದು ಸೂತ್ರಕ್ಕೆ ಒಗ್ಗದ ಒಂದು ಪ್ರಯೋಗವನ್ನು ಮುಂದಿಡುತ್ತಾರೆ. ಪ್ರಯೋಗ ತಪ್ಪೆಂದು ಹೇಳಿ ಅವರನ್ನು ಕೂರಿಸಿಬಿಡುವುದು ಸುಲಭ. ಸೂತ್ರವೇ ಹಳತಾಯಿತೆಂದು ಕೈಬಿಡುವುದು ಇನ್ನೂ ಸುಲಭ. ಪಾಣಿನಿಯ ಬಳಿಕ ಬಂದ ಕಾತ್ಯಾಯನ ಈ ಎರಡನ್ನೂ ಮಾಡಲಿಲ್ಲ. ಸೂತ್ರವನ್ನು ಮುಂದಿಟ್ಟುಕೊಂಡು ವಾರ್ತಿಕವನ್ನು ಬರೆದ. ಹೇಳಿದ್ದು, ಹೇಳದೆ ಬಿಟ್ಟದ್ದು, ಸರಿಯಾಗಿ ಹೇಳದ್ದು, ಅಂದರೆ ಉಕ್ತ, ಅನುಕ್ತ, ದುರುಕ್ತ: ಈ ಮೂರರ ವಿಚಾರಣೆಯೇ ವಾರ್ತಿಕದ ಕೆಲಸವೆಂದು ಬಲ್ಲವರು ಹೇಳುತ್ತಾರೆ. ನಮ್ಮ ಕೇಶಿರಾಜನೂ ಹದಿಮೂರನೆಯ ಶತಮಾನದಲ್ಲಿ ಸೂತ್ರಗಳನ್ನು ಕಟ್ಟುವಾಗ ಕವಿಗಳ ಪ್ರಯೋಗವನ್ನೇ ಸಾಕ್ಷಿಗೆ ಕರೆದವನು.

ಈ ಹಳೆಯ ವಿಚಾರ ಈಚೆಗೆ ನನ್ನ ಮುಂದೆ ಮತ್ತೆ ಬಂದು ನಿಂತದ್ದು ತರಗತಿಯಲ್ಲಲ್ಲ. ಗಣಕಯಂತ್ರದಲ್ಲಿ ಸಂಗೀತವನ್ನು ಅಚ್ಚಿಗೆ ಅಣಿಗೊಳಿಸುವ ಕೆಲಸದಲ್ಲಿ. ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಪಿಟೀಲು ಕಲಿತವಳು. ಹೊರದೇಶದಲ್ಲಿರುವ ಅವಳ ಚಿಕ್ಕಮ್ಮನ ಮಗಳಿಗೆ ಪಿಯಾನೋ ಬರುತ್ತದೆ, ಸರಿಗಮ ಓದಲು ಬಾರದು. ಅಜ್ಜಿ ಹಾಡುತ್ತಿದ್ದ ಜೋಗುಳವನ್ನು ಐದು ಗೆರೆಗಳ ಪಾಶ್ಚಾತ್ಯ ಲಿಪಿಯಲ್ಲಿ ಬರೆದು ಆ ಹುಡುಗಿಗೆ ಕಳುಹಿಸಬೇಕೆಂಬುದು ಇವಳ ಆಸೆ. "ಸರ್, ಸ್ವರ ನಾನು ನೋಡಿಕೊಳ್ಳುತ್ತೇನೆ, ಸಾಹಿತ್ಯ ಮಾತ್ರ ನೀವು ತಿದ್ದಿಕೊಡಿ" ಎಂದು ಒಂದು ಕಡತವನ್ನು ತಂದುಕೊಟ್ಟಳು. ತೆರೆದು ನೋಡಿದರೆ ಗೆರೆಗಳೂ ಇಲ್ಲ, ಸ್ವರಬಿಂದುಗಳೂ ಇಲ್ಲ. ಬರಿಯ ಇಂಗ್ಲಿಷ್ ಅಕ್ಷರಗಳು, ಅಂಕಿಗಳು, ನಡುನಡುವೆ ನಿಂತ ಗೆರೆಗಳು. ಎಬಿಸಿ ಸ್ವರಲಿಪಿಯೆಂಬುದನ್ನು ನಾನು ಕಂಡದ್ದು ಹಾಗೆ.

ಕ್ರಿಸ್ ವಾಲ್ಷಾ ಎಂಬ ಆಂಗ್ಲ ಸಂಗೀತಾಸಕ್ತರು ೧೯೮೦ರ ದಶಕದಲ್ಲಿ, ಐದು ಗೆರೆಗಳ ಲಿಪಿಯನ್ನು ಕಲಿಯುವ ಮುನ್ನ, ಕೇಳಿದ ಜಾನಪದ ಮಟ್ಟುಗಳ ತುಣುಕುಗಳನ್ನು ನೆನಪಿಗಾಗಿ ಅಕ್ಷರಗಳಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಮುಂದೆ ಫ್ರೆಂಚ್ ಚೀಲವಾದ್ಯದ ಮಟ್ಟುಗಳನ್ನು ಮ್ಯೂಸಿಕ್‌ಟೆಕ್ ಎಂಬ ಅಚ್ಚುಜೋಡಣೆಯ ಪದ್ಧತಿಯಲ್ಲಿ ಮುದ್ರಿಸಹೊರಟಾಗ ಅದರ ಆಜ್ಞೆಗಳನ್ನು ಬರೆಯುವುದು ಬೇಸರದ ಕೆಲಸವಾಯಿತು. ತಮ್ಮ ಅಕ್ಷರದ ಗುರುತುಗಳನ್ನೇ ಆ ಆಜ್ಞೆಗಳಾಗಿ ಮಾರ್ಪಡಿಸುವ ತಂತ್ರಾಂಶವೊಂದನ್ನು ಅವರು ಬರೆದರು. ೧೯೯೩ರ ವೇಳೆಗೆ ಅದು 'ಎಬಿಸಿ ಟು ಎಂಟೆಕ್ಸ್' ಎಂಬ ರೂಪವನ್ನು ತಾಳಿತು. ಲಿಪಿಯ ನಿಯಮಗಳೆಂದು ಜನ ಮೊದಲು ಓದಿಕೊಂಡದ್ದು ಈ ತಂತ್ರಾಂಶದ ಕೈಪಿಡಿಯನ್ನೇ. ಇಲ್ಲಿ ಸೂತ್ರ ಹುಟ್ಟಿದ್ದೇ ಪ್ರಯೋಗದ ಮಡಿಲಲ್ಲಿ ಎಂಬುದನ್ನು ಓದುಗರು ಗಮನಿಸಬೇಕು.

ಲಿಪಿಯ ಸ್ವರೂಪ ಸರಳವಾದುದು. ಮೊದಲ ಕೆಲವು ಸಾಲುಗಳಲ್ಲಿ ಮಟ್ಟಿನ ಕ್ರಮಸಂಖ್ಯೆ, ಹೆಸರು, ಲಯದ ಅಳತೆ, ಸ್ವರದ ಮೂಲಮಾನ, ಶ್ರುತಿ. ಆಮೇಲೆ ಸ್ವರಗಳು. ಇಂಗ್ಲಿಷಿನ ದೊಡ್ಡಕ್ಷರವಾದರೆ ಒಂದು ಸ್ಥಾಯಿ, ಚಿಕ್ಕಕ್ಷರವಾದರೆ ಅದರ ಮೇಲಿನ ಸ್ಥಾಯಿ. ಅಕ್ಷರದ ಮುಂದೆ ೨ ಎಂಬ ಅಂಕಿಯಿದ್ದರೆ ಕಾಲ ಎರಡರಷ್ಟು. ಅಲ್ಪವಿರಾಮ ಹಾಕಿದರೆ ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ನಮ್ಮ ಕರ್ನಾಟಕ ಸಂಗೀತದ ಪುಸ್ತಕಗಳಲ್ಲಿ ಅದೇ ಅಲ್ಪವಿರಾಮ ಹಿಂದಿನ ಸ್ವರವನ್ನು ಒಂದು ಮಾತ್ರೆ ಎಳೆಯಲು ಹೇಳುತ್ತದೆ, ಸ್ಥಾಯಿಯನ್ನು ತಿಳಿಸಲು ಮೇಲೋ ಕೆಳಗೋ ಚುಕ್ಕೆ ಬರುತ್ತದೆ. ಚಿಹ್ನೆಗೆ ಸ್ವಂತದ ಅರ್ಥವಿಲ್ಲ, ಒಪ್ಪಂದದ ಅರ್ಥವೇ ಎಲ್ಲ ಎಂಬ ಭಾಷಾಶಾಸ್ತ್ರದ ಮೊದಲ ಪಾಠಕ್ಕೆ ಇದಕ್ಕಿಂತ ಚಿಕ್ಕ ಉದಾಹರಣೆ ನನಗೆ ಸಿಕ್ಕಿರಲಿಲ್ಲ.

ಇಂಥ ಬರಹವನ್ನು ಕಾಗದದಲ್ಲಿ ಬರೆಯಬಹುದು, ಕಣ್ಣಿನಿಂದಲೇ ಓದಿ ಗುನುಗಬಹುದು. ಷಿಕಾಗೋ ನಗರದ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓನೀಲ್ ೧೯೦೩ರಲ್ಲಿ ಪ್ರಕಟಿಸಿದ ೧೮೫೦ ಐರಿಷ್ ಮಟ್ಟುಗಳ ಸಂಗ್ರಹವನ್ನು ಆಸಕ್ತರು ಕೂಡಿ ಈ ಲಿಪಿಗೆ ಇಳಿಸಿದ್ದಾರೆ. ಒಂಟಿ ಪಿಟೀಲಿನ ಅಥವಾ ಕೊಳಲಿನ ಮಟ್ಟಿಗೆ ಮೊದಲಿನ ನಿಯಮಗಳು ಸಾಕಾಗಿದ್ದವು. ಆದರೆ ಬರೆಯುವ ಜನ ಒಂಟಿ ಮಟ್ಟಿನಲ್ಲಿ ನಿಲ್ಲುತ್ತಾರೆಯೆ? ಒಬ್ಬರಿಗೆ ನಾಲ್ಕು ದನಿಗಳ ಮೇಳಗಾನ ಬೇಕು, ಇನ್ನೊಬ್ಬರಿಗೆ ಪುಟದ ಅಂಚು ಇಷ್ಟೇ ಇರಬೇಕು, ಮತ್ತೊಬ್ಬರಿಗೆ ತಮ್ಮ ವಾದ್ಯಕ್ಕೆ ಮಾತ್ರ ಸಲ್ಲುವ ಒಂದು ಅಲಂಕಾರದ ಗುರುತು ಬೇಕು. ಇದೆಲ್ಲ ಅನುಕ್ತ. ಮೈಕೇಲ್ ಮೆಟ್‌ಫೆಸ್ಸೆಲ್ ಅವರು ಬರೆದ 'ಎಬಿಸಿ ಟು ಪಿಎಸ್', ಅದನ್ನು ಆಧರಿಸಿ ಜಾಂ-ಫ್ರಾಂಸ್ವಾ ಮ್ವಾನ್ ಬೆಳೆಸಿದ 'ಎಬಿಸಿಎಂ ಟು ಪಿಎಸ್' ಮೊದಲಾದ ತಂತ್ರಾಂಶಗಳು ಕೈಹಾಕಿದ್ದು ಇಲ್ಲಿ.

ಅವು ಹಿಡಿದ ಉಪಾಯ ನನಗೆ ತುಂಬ ಹಿಡಿಸಿತು. ಮೂಲ ನಿಯಮದಲ್ಲಿ ಶೇಕಡಾ ಚಿಹ್ನೆಯ ಮುಂದಿರುವುದೆಲ್ಲ ಟಿಪ್ಪಣಿ. ಯಂತ್ರ ಅದನ್ನು ಓದದೆ ದಾಟಿಹೋಗುತ್ತದೆ. ಈ ತಂತ್ರಾಂಶಗಳು ಸಾಲಿನ ಮೊದಲಿಗೆ ಎರಡು ಶೇಕಡಾ ಚಿಹ್ನೆಗಳನ್ನಿಟ್ಟು ತಮ್ಮ ಹೆಚ್ಚಿನ ಆಜ್ಞೆಗಳನ್ನು ಅಲ್ಲಿ ಬರೆಯಿಸಿದವು. ಗೊತ್ತಿದ್ದ ಯಂತ್ರಕ್ಕೆ ಅದು ಆಜ್ಞೆ, ಗೊತ್ತಿಲ್ಲದ ಯಂತ್ರಕ್ಕೆ ಬರಿಯ ಟಿಪ್ಪಣಿ. ಸೂತ್ರದ ಒಂದಕ್ಷರವೂ ಕೆಡಲಿಲ್ಲ, ಬೇಕಾದ ಮಾತು ನಿಲ್ಲಲಿಲ್ಲ. ಹಸ್ತಪ್ರತಿಯ ಅಂಚಿನಲ್ಲಿ ಲಿಪಿಕಾರನು ಬರೆದಿಟ್ಟ ಮಾತನ್ನು ಬೇಕಾದವರು ಓದಿ, ಬೇಡವಾದವರು ಮೂಲಪಾಠವನ್ನಷ್ಟೇ ಹಿಡಿದು ಹೋಗುವುದಿಲ್ಲವೆ, ಹಾಗೆ.

ಅಂಚಿನ ಮಾತು ಕೆಲವೊಮ್ಮೆ ಪಾಠದೊಳಕ್ಕೆ ಸೇರುವುದೂ ಉಂಟು. ಹಲವು ದನಿಗಳಲ್ಲಿ ಯಾವುವು ಒಂದೇ ಗೆರೆಸಾಲಿನಲ್ಲಿ ಕೂಡಿರಬೇಕು, ಯಾವುವು ಬೇರೆಯಾಗಿದ್ದು ಆವರಣದಿಂದ ಬಂಧಿತವಾಗಬೇಕು ಎಂಬುದನ್ನು ತಿಳಿಸಲು 'ಸ್ಟೇವ್ಸ್' ಎಂಬ ಆಜ್ಞೆ ಬಳಕೆಗೆ ಬಂದಿತ್ತು. ೨೦೧೧ರ ಡಿಸೆಂಬರಿನಲ್ಲಿ ೨.೧ ಎಂಬ ನಿಯಮಾವಳಿ ಹೊರಬಂದಾಗ ಅದರ ಸುಧಾರಿತ ರೂಪವಾದ 'ಸ್ಕೋರ್' ಅಲ್ಲಿ ಸ್ಥಾನ ಪಡೆಯಿತು; ಹಳೆಯದನ್ನು ಇನ್ನು ಬಳಸದಿರುವುದು ಮೇಲೆಂದು ಹೇಳಲಾಯಿತು. ಪ್ರಯೋಗ ಮೊದಲು, ಶಾಸ್ತ್ರ ಅನಂತರ, ಅದೂ ಪ್ರಯೋಗವನ್ನು ತಿದ್ದಿಕೊಂಡು.

ದುರುಕ್ತದ ಕಥೆ ಇಷ್ಟು ಸುಖವಾದುದಲ್ಲ. ಅದು ಒಂದು ಆಶ್ಚರ್ಯಸೂಚಕ ಚಿಹ್ನೆಯ ಕಥೆ. 'ಎಬಿಸಿ ಟು ವಿನ್' ಎಂಬ ತಂತ್ರಾಂಶ ಗೆರೆಸಾಲನ್ನು ಇಲ್ಲಿಗೆ ಮುರಿಯಬೇಕೆಂದು ತಿಳಿಸಲು ಆ ಚಿಹ್ನೆಯನ್ನು ತೆಗೆದುಕೊಂಡಿತು. ಬೇರೆ ತಂತ್ರಾಂಶಗಳು ಅಲಂಕಾರದ ಹೆಸರೊಂದನ್ನು ಎರಡು ಆಶ್ಚರ್ಯಸೂಚಕಗಳ ನಡುವೆ ಬರೆಯುವ ಪದ್ಧತಿಯನ್ನು ಹಿಡಿದವು. ಎರಡು ಪದ್ಧತಿಗಳಲ್ಲೂ ಜನ ಮಟ್ಟುಗಳನ್ನು ಬರೆದಿಟ್ಟರು. ಒಂದರ ಬರಹ ಇನ್ನೊಂದರ ಬಾಯಿಗೆ ಸಿಕ್ಕಾಗ ಸಾಲುಮುರಿತ ಅಲಂಕಾರವಾಗಿ ತೋರಿ, ನಡುವಿನ ಸ್ವರಗಳು ಅಲಂಕಾರದ ಹೆಸರೆಂದು ನುಂಗಿಹೋಗುವ ಅಪಾಯ! ೨.೦ ಎಂಬ ಕರಡು ಅಲಂಕಾರಕ್ಕೆ ಕೂಡಿಸುವ ಚಿಹ್ನೆಯನ್ನು ಗೊತ್ತುಮಾಡಿ ರಾಜಿ ಮಾಡಿಸಲು ನೋಡಿತು. ಬಳಕೆ ಅದಕ್ಕೆ ಬಗ್ಗಲಿಲ್ಲ. ೨.೧ರಲ್ಲಿ ಆಶ್ಚರ್ಯಸೂಚಕವೇ ಅಲಂಕಾರಕ್ಕೆ ಮರಳಿತು. ಅದನ್ನು ಸಾಲುಮುರಿತಕ್ಕೆ ಬಳಸುವವರು ಹಾಗೆಂದು ಮೊದಲೇ ಒಂದು ಸಾಲಿನಲ್ಲಿ ಸಾರಿದರೆ ಸಾಕು ಎಂದಾಯಿತು. ಸೂತ್ರಕಾರರು ಒಂದು ಹೆಜ್ಜೆ ಹಿಂದಕ್ಕೆ ಬಂದರೆಂದು ನಗುವವರುಂಟು. ನನಗೆ ಇದು ಶಾಸ್ತ್ರದ ಸೋಲೆಂದು ತೋರುವುದಿಲ್ಲ, ಅದರ ವಿವೇಕವೆಂದೇ ತೋರುತ್ತದೆ.

ಅದೇ ನಿಯಮಾವಳಿಯ ಇನ್ನೊಂದು ಏರ್ಪಾಡು ನಮ್ಮಂಥ ಹಳೆಯ ಪುಸ್ತಕದವರ ಮನಸ್ಸಿಗೆ ಹತ್ತಿರವಾದುದು. ಕಡತದ ಮೊದಲ ಸಾಲಿನಲ್ಲಿ ಅದು ಯಾವ ನಿಯಮಾವಳಿಗೆ ಸೇರಿದ್ದೆಂದು ಬರೆದಿದ್ದರೆ ಯಂತ್ರ ಅದನ್ನು ಕಟ್ಟುನಿಟ್ಟಾಗಿ ಓದಬೇಕು. ಹಾಗೆ ಬರೆದಿರದ ಹಳೆಯ ಕಡತವಾದರೆ ಸಡಿಲವಾಗಿ, ಉದಾರವಾಗಿ ಓದಿಕೊಳ್ಳಬೇಕು. ಹೊಸಬರಿಗೆ ನಿಯಮ, ಹಿರಿಯರಿಗೆ ರಿಯಾಯಿತಿ. ಱ, ೞ ಅಕ್ಷರಗಳು ನಮ್ಮ ಬಳಕೆಯಿಂದ ಹೋದವೆಂದು ಪಂಪನ ಪಾಠವನ್ನು ತಪ್ಪೆನ್ನುತ್ತೇವೆಯೆ?

ಈ ಉದಾರತೆಯ ಬೆಲೆ ನನಗೆ ಗೊತ್ತಾದದ್ದು ಅದು ಇಲ್ಲದ ಕಡೆ ಪೆಟ್ಟು ತಿಂದು. ಎಂ.ಎ. ಓದುವಾಗ ಎರಡು ವರ್ಷ ಕಷ್ಟಪಟ್ಟು ಸಿದ್ಧಪಡಿಸಿದ ಛಂದಸ್ಸಿನ ಟಿಪ್ಪಣಿಗಳನ್ನು ಅಂದು ಬಳಕೆಯಲ್ಲಿದ್ದ ಒಂದು ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಸಿದ್ದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಲ್ಲೇ ಸ್ಥಾನ ಸಿಕ್ಕಿದ್ದರೂ ಆ ತಂತ್ರಾಂಶಕ್ಕೆ ತನ್ನದೇ ಗುಪ್ತ ಸಂಕೇತವಿತ್ತು. ಅದರ ಅಕ್ಷರಜೋಡಣೆ ಇದ್ದ ಯಂತ್ರದಲ್ಲಿ ಮಾತ್ರ ಅದು ಕನ್ನಡ. ಇಂದು ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಅದರಲ್ಲಿ ರಗಳೆಯ ಮೇಲೆ ನಾನು ಬರೆದ ನಾಲ್ಕು ಪುಟಗಳಿದ್ದವು. ಈಗ ನೆನಪಿನಿಂದ ಮತ್ತೆ ಬರೆಯಲು ಹೋದರೆ ಅವು ಬರುವುದಿಲ್ಲ. ಒಂದೇ ಯಂತ್ರಕ್ಕೆ ತಿಳಿಯುವ ಬರಹವನ್ನು ಲಿಪಿಯೆನ್ನಲಾಗದು. ಅದು ಆ ಯಂತ್ರದ ಗುಟ್ಟು.

ಆದುದರಿಂದ, ತಂತ್ರಾಂಶ ನಿಯಮವನ್ನು ಮೀರಬಾರದು ಎನ್ನುವ ಗೆಳೆಯರ ವಾದವನ್ನು ನಾನು ಒಪ್ಪದಿದ್ದರೂ ಅವರ ಅಂಜಿಕೆಯನ್ನು ಒಪ್ಪುತ್ತೇನೆ. 'ಎಬಿಸಿಎಂ ಟು ಪಿಎಸ್' ಬಳಕೆದಾರನ ಕೈಗೆ ಒಂದು ದೊಡ್ಡ ಸ್ವಾತಂತ್ರ್ಯವನ್ನೇ ಕೊಡುತ್ತದೆ. ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟರಚನೆಯ ಭಾಷೆಯಲ್ಲಿ ಹೊಸ ಗುರುತೊಂದರ ಚಿತ್ರವನ್ನು ಬರೆದು, ಅದಕ್ಕೊಂದು ಹೆಸರು ಕೊಟ್ಟು, ಬೇಕಾದ ಸ್ವರದ ಮೇಲೆ ಕೂರಿಸಬಹುದು. ೧೯೦೪ರಲ್ಲಿ ಸುಬ್ಬರಾಮ ದೀಕ್ಷಿತರು ಎಟ್ಟಯಪುರದಲ್ಲಿ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯನ್ನು ತೆಲುಗು ಲಿಪಿಯಲ್ಲಿ ಅಚ್ಚುಹಾಕಿಸಿದಾಗ ಗಮಕಗಳಿಗೆ ಬೇರೆ ಬೇರೆ ಗುರುತುಗಳನ್ನು ಬಳಸಿದರು. ಅಂಥ ಕೆಲಸವನ್ನು ಇಂದು ಒಬ್ಬ ವಿದ್ಯಾರ್ಥಿ ತನ್ನ ಮೇಜಿನ ಮುಂದೆ ಕುಳಿತು ಮಾಡಬಲ್ಲ. ಆದರೆ ದೀಕ್ಷಿತರು ಯಾವ ಗುರುತಿಗೆ ಯಾವ ಗಮಕವೆಂದು ಗ್ರಂಥದಲ್ಲೇ ವಿವರಿಸಿದ್ದಾರೆ. ಹಾಗಾಗಿ ಓದಿ ತಿಳಿಯಬಹುದು. ಪೋಸ್ಟ್‌ಸ್ಕ್ರಿಪ್ಟಿನ ಚಿತ್ರ ಕಣ್ಣಿಗೆ ಕಾಣುತ್ತದೆ, ಅದರ ಅರ್ಥ ಎಲ್ಲೂ ಇರುವುದಿಲ್ಲ. ಮೀರುವವರು ಎರಡನ್ನು ಮಾಡಲಿ: ತಮ್ಮ ಹೊಸ ಗುರುತಿನ ಅರ್ಥವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಕಡತದೊಳಗೇ ಒಂದು ಸಾಲು ಬರೆಯಲಿ, ಆ ಗುರುತನ್ನು ಕಿತ್ತರೂ ಮಟ್ಟು ನಿಲ್ಲುವಂತೆ ಸ್ವರಗಳನ್ನು ಮೂಲನಿಯಮದಲ್ಲೇ ಇಡಲಿ. ಇಷ್ಟನ್ನು ಮಾಡದೆ, ಅಚ್ಚು ಸೊಗಸಾಗಿ ಬಂದಿತೆಂದು ಹಿಗ್ಗುವವರ ಬಗ್ಗೆ ನನಗೆ ಗೌರವವಿಲ್ಲ.

ಇನ್ನು ಜೋಗುಳದ ಮಾತು. ಸ್ವರದ ಸಾಲಿನ ಕೆಳಗೆ ಸಾಹಿತ್ಯದ ಸಾಲನ್ನು ಬರೆದು, ಪದವನ್ನು ಉಚ್ಚಾರದ ಖಂಡಗಳಾಗಿ ಒಡೆದು ನಡುವೆ ಅಡ್ಡಗೆರೆ ಹಾಕಬೇಕೆಂಬುದು ನಿಯಮ. ಒಂದೊಂದು ಖಂಡ ಒಂದೊಂದು ಸ್ವರದ ಕೆಳಗೆ ಹೋಗಿ ನಿಲ್ಲುತ್ತದೆ. ೨.೧ ನಿಯಮಾವಳಿ ಯೂನಿಕೋಡಿನ ಯುಟಿಎಫ್-೮ ಸಂಕೇತವನ್ನು ಎತ್ತಿಹಿಡಿದಿರುವುದರಿಂದ ಕನ್ನಡಕ್ಕೆ ಅಡ್ಡಿಯಿಲ್ಲ. 'ಎಬಿಸಿಎಂ ಟು ಪಿಎಸ್' ಪ್ಯಾಂಗೋ ಎಂಬ ಸಹಾಯಕ ತಂತ್ರಾಂಶದ ಮೂಲಕ ಒತ್ತಕ್ಷರಗಳನ್ನೂ ಕೂಡಿಸಿಕೊಳ್ಳಬಲ್ಲದು. ತೊಡಕು ಬೇರೆ ಕಡೆ ಇದೆ. 'ಕಣ್ಣು' ಎಂಬ ಪದವನ್ನು ಎಲ್ಲಿ ಒಡೆಯೋಣ? ಕಿವಿಗೆ ಅದು 'ಕಣ್-ಣು'. ಮೊದಲ ಅಕ್ಷರ ಗುರುವಾಗುವುದೇ ಆ ಣಕಾರದ ಬಲದಿಂದ. ಬರವಣಿಗೆಯಲ್ಲಾದರೋ 'ಕ-ಣ್ಣು'. ಕಿವಿಯನ್ನು ನಂಬಿ ಒಡೆದರೆ ಒತ್ತಕ್ಷರ ಹರಿದು ಅಚ್ಚು ಅಂದಗೆಡುತ್ತದೆ, ಕಣ್ಣನ್ನು ನಂಬಿದರೆ ಒಂದು ಲಘುವಿನ ಮೇಲೆ ದೀರ್ಘಸ್ವರ ಕುಳಿತಂತೆ ಕಾಣುತ್ತದೆ. ಇಂಗ್ಲಿಷ್ ಹಾಡನ್ನು ಮನಸ್ಸಿನಲ್ಲಿಟ್ಟು ಮಾಡಿದ ನಿಯಮಕ್ಕೆ ಈ ಪ್ರಶ್ನೆಯೇ ಹುಟ್ಟಿರಲಾರದು. ಕನ್ನಡದಲ್ಲಿ ಇದಕ್ಕೊಂದು ಕಟ್ಟಳೆಯನ್ನು ನಾವೇ ಮಾಡಿಕೊಳ್ಳಬೇಕು. ಛಂದಸ್ಸು ಬಲ್ಲವರೂ ಸಂಗೀತ ಬಲ್ಲವರೂ ಒಂದು ಮಧ್ಯಾಹ್ನ ಕೂಡಿ ಕುಳಿತರೆ ಆಗುವ ಕೆಲಸ. ನಾನಂತೂ ಸದ್ಯಕ್ಕೆ ಬರವಣಿಗೆಯ ಪಕ್ಷ: 'ಕ-ಣ್ಣು' ಎಂದೇ ಒಡೆದೆ. ಹಾಡುವವರ ನಾಲಗೆ ಮಾತ್ರೆಯನ್ನು ತಾನೇ ಸರಿಪಡಿಸಿಕೊಳ್ಳುತ್ತದೆಂಬ ನೆಚ್ಚಿಕೆ.

ತಿದ್ದಿದ ಮೇಲೆ ಒಂದು ಪರೀಕ್ಷೆ ಮಾಡೋಣವೆಂದು ಆ ಹುಡುಗಿಗೆ ಹೇಳಿದೆ. ಎರಡು ಶೇಕಡಾ ಚಿಹ್ನೆಗಳಿದ್ದ ಸಾಲುಗಳನ್ನೆಲ್ಲ, ಅವಳು ಆಸೆಪಟ್ಟು ಬರೆದಿದ್ದ ಜಾರುಗಮಕದ ಚಿತ್ರವನ್ನೂ ಸೇರಿಸಿ, ತೆಗೆದುಹಾಕಿ ಬೇರೊಂದು ತಂತ್ರಾಂಶಕ್ಕೆ ಕೊಟ್ಟಳು. ಪುಟದ ಅಂದ ಹೋಯಿತು, ಮಟ್ಟು ಉಳಿಯಿತು. ಆ ಹಾಳೆಯನ್ನು ನೋಡಿಕೊಂಡೇ ಪಿಟೀಲು ನುಡಿಸಿದಳು, ಕಾಗದದಲ್ಲಿಲ್ಲದ ಜಾರನ್ನು ಬೆರಳು ತಾನಾಗಿ ಹಾಕಿತು. ಮೂರನೆಯ ಸಾಲಿಗೆ ಬಂದಾಗ ನಿಲ್ಲಿಸಿ, "ಸರ್, ಇಲ್ಲಿಂದ ಸಾಹಿತ್ಯ ಒಂದೊಂದು ಸ್ವರ ಮುಂದೆ ಜಾರಿದೆ" ಎಂದಳು. ನೋಡಿದೆ. ಒಂದು ಪದವನ್ನು ಒಡೆಯುವಾಗ ನಡುವಿನ ಅಡ್ಡಗೆರೆಯನ್ನು ನಾನೇ ಬಿಟ್ಟುಬಿಟ್ಟಿದ್ದೆ.