ಕಲ್ಲಿನ ಸಾಕ್ಷ್ಯ

ಸಂಸ್ಕೃತದಲ್ಲಿ ಭೂಮಿಗೆ ಅಚಲಾ ಎಂದೂ ಸ್ಥಿರಾ ಎಂದೂ ಹೆಸರುಗಳುಂಟು. ಬಾಲ್ಯದಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರೆಲ್ಲರೂ ಇವನ್ನು ಬಲ್ಲರು. ನಿಂತ ನೆಲವು ಅಲುಗದೆಂಬ ನಂಬಿಕೆಯು ಮನುಷ್ಯನಿಗೆ ಅಷ್ಟು ಸಹಜವಾದುದು. ಆದರೆ ಆ ನೆಲವೇ ದೇಶಾಂತರ ಬಂದುದೆಂದು ಈಗ ನಿಶ್ಚಿತವಾಗಿದೆ. ಅದಕ್ಕೆ ಸಾಕ್ಷಿ ನುಡಿದವರು ಯಾರೆಂಬುದನ್ನು ಈ ತಿಂಗಳು ವಿಚಾರಿಸೋಣ.

ಜರ್ಮನಿಯ ಆಲ್ಫ್ರೆಡ್ ವೆಗೆನರ್ ಎಂಬ ಪಂಡಿತನು, ಖಂಡಗಳೆಲ್ಲವೂ ಪೂರ್ವದಲ್ಲಿ ಕೂಡಿಕೊಂಡಿದ್ದು ಅನಂತರ ಅಗಲಿದುವೆಂದು 1912ರಲ್ಲಿ ಸಾರಿದನು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳ ಅಂಚುಗಳು ಒಂದಕ್ಕೊಂದು ಹೊಂದುವುದನ್ನು ತೋರಿಸಿದನು. “ಅಷ್ಟು ದೊಡ್ಡ ಖಂಡವನ್ನು ನೂಕಿದವರಾರು?” ಎಂಬ ಪ್ರಶ್ನೆಗೆ ಮಾತ್ರ ಒಪ್ಪತಕ್ಕ ಉತ್ತರವು ಅವನಲ್ಲಿರಲಿಲ್ಲ. ಹಲವರು ಪರಿಹಾಸ್ಯ ಮಾಡಿದರು. 1930ರಲ್ಲಿ ಗ್ರೀನ್‌ಲೆಂಡಿನ ಹಿಮದಲ್ಲಿ ಅವನು ಮಡಿದಾಗ ಅವನ ಮತವನ್ನು ಒಪ್ಪಿದವರು ಕೆಲವರೇ.

ಸಾಕ್ಷ್ಯವು ಅಯಸ್ಕಾಂತದಿಂದ ಬಂದಿತು. ಸುಮಾರು 2,900 ಕಿಲೋಮೀಟರುಗಳ ಕೆಳಗೆ, ಭೂಗರ್ಭದಲ್ಲಿ ಕರಗಿದ ಕಬ್ಬಿಣವು ಸುಳಿಯುತ್ತಿರುವುದರಿಂದ ಭೂಮಿಯೇ ಒಂದು ಅಯಸ್ಕಾಂತವಾಗಿರುವುದು. ದಿಕ್ಸೂಚಿಯ ಮುಳ್ಳು ಉತ್ತರವನ್ನು ತೋರುವುದಷ್ಟೆ? ಅದನ್ನು ಮೇಲೆ ಕೆಳಗೆ ಆಡುವಂತೆ ತೂಗಿಸಿದರೆ, ಕನ್ಯಾಕುಮಾರಿಯ ಸೀಮೆಯಲ್ಲಿ ಬಹುಮಟ್ಟಿಗೆ ಅಡ್ಡಲಾಗಿ ನಿಲ್ಲುವುದು. ಉತ್ತರಕ್ಕೆ ಹೋದಂತೆಲ್ಲ ಹೆಚ್ಚು ಹೆಚ್ಚಾಗಿ ತಲೆಬಾಗುವುದು. ಆ ಬಾಗಿನಿಂದ ಸ್ಥಳದ ಅಕ್ಷಾಂಶವನ್ನು ಗಣಿಸಬಹುದು. ಕಾದ ಲಾವಾರಸವು ಆರಿ ಕಲ್ಲಾಗುವಾಗ ಅದರೊಳಗಿನ ಕಬ್ಬಿಣದ ಕಣಗಳು ಆ ಕಾಲದ ದಿಕ್ಕನ್ನೂ ಬಾಗನ್ನೂ ಹಿಡಿದಿಟ್ಟುಕೊಳ್ಳುವುವು.

ನಮ್ಮ ವಿಜಯಪುರ, ಬೆಳಗಾವಿಗಳ ಸೀಮೆಯಿಂದ ಮಹಾರಾಷ್ಟ್ರದ ಉದ್ದಕ್ಕೂ ಹಬ್ಬಿರುವ ಕರಿಯ ಕಲ್ಲು ಇಂಥದೇ. ಗೋಲಗುಮ್ಮಟವನ್ನು ಕಟ್ಟಿರುವುದು ಅದರಿಂದಲೇ. ಅದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದ ಲಾವಾ. ಕಟ್ಟಡಕ್ಕೆ ಸಾಗಿಸಿದ ಕಲ್ಲು ಈ ಪರೀಕ್ಷೆಗೆ ಬಾರದು; ಹುಟ್ಟಿದೆಡೆಯಲ್ಲಿಯೇ ಇರುವ ಬಂಡೆಯ ಮೇಲೆ ದಿಕ್ಕನ್ನು ಗುರುತಿಸಿ, ಬಳಿಕ ತುಂಡನ್ನು ತೆಗೆಯಬೇಕು. ಕ್ಲೆಗ್ ಮೊದಲಾದ ಆಂಗ್ಲ ವಿಜ್ಞಾನಿಗಳು ಭಾರತದ ಶಿಲೆಗಳನ್ನು ಹೀಗೆ ಪರೀಕ್ಷಿಸಿ 1956ರಲ್ಲಿ ಫಲವನ್ನು ಪ್ರಕಟಿಸಿದರು. ಶಿಲೆಯ ಬಾಗು ಇಂದಿನ ಅಕ್ಷಾಂಶಕ್ಕೆ ಹೊಂದಲಿಲ್ಲ. ಆ ಕಲ್ಲು ಆರಿದಾಗ ಈ ದೇಶವು ಭೂಮಧ್ಯರೇಖೆಯ ದಕ್ಷಿಣಕ್ಕಿದ್ದಿತು!

ಒಂದು ಸಾಕ್ಷ್ಯವು ಸಾಲದೆಂಬವರಿಗೆ ಎರಡನೆಯದು ಸಮುದ್ರದಲ್ಲಿ ದೊರೆಯಿತು. ಭೂಮಿಯ ಅಯಸ್ಕಾಂತವು ಆಗಾಗ ಉತ್ತರ ದಕ್ಷಿಣಗಳನ್ನು ಅದಲುಬದಲು ಮಾಡಿಕೊಳ್ಳುವುದು. ಕಡೆಯ ಬಾರಿ ಹಾಗಾದುದು ಸುಮಾರು 7 ಲಕ್ಷ 80 ಸಾವಿರ ವರ್ಷಗಳ ಹಿಂದೆ. ಅರಬ್ಬೀ ಸಮುದ್ರದ ಕಡೆಯ ಕಾರ್ಲ್ಸ್‌ಬರ್ಗ್ ಎಂಬ ಮುಳುಗಿದ ಪರ್ವತಶ್ರೇಣಿಯ ಮೇಲೆ 1962ರಲ್ಲಿ ಅಳತೆಗಳು ನಡೆದುವು. ಅವುಗಳ ಆಧಾರದಿಂದ ವೈನ್, ಮ್ಯಾಥ್ಯೂಸ್ ಎಂಬಿಬ್ಬರು 1963ರಲ್ಲಿ ಹೀಗೆ ಊಹಿಸಿದರು: ಶ್ರೇಣಿಯ ನಡುವೆ ಹೊಸ ಲಾವಾ ಉಕ್ಕಿ, ಆರಿ, ಎರಡು ಕಡೆಗೂ ಸರಿಯುವುದು, ಆದುದರಿಂದ ಸಮುದ್ರತಳದಲ್ಲಿ ಸೀರೆಯ ಪಟ್ಟೆಗಳಂತೆ ನೇರ ಮತ್ತು ತಿರುಗುಮುರುಗು ದಿಕ್ಕುಗಳು ಸಾಲಾಗಿ ಮೂಡುವುವು. ಕೆನಡಾದ ಮಾರ್ಲೆ ಎಂಬವನೂ ಇದನ್ನೇ ಬರೆದಿದ್ದನು. ಪತ್ರಿಕೆಗಳು ಅವನ ಲೇಖನವನ್ನು ಹಿಂದಿರುಗಿಸಿದುವು. ಮುಂದಿನ ಕೆಲವೇ ವರ್ಷಗಳಲ್ಲಿ ಶ್ರೇಣಿಗಳ ಎರಡು ಮಗ್ಗುಲಲ್ಲೂ ಪಟ್ಟೆಗಳು ಸರಿಜೋಡಿಯಾಗಿರುವುದು ಕಂಡುಬಂದು, ಸಂಶಯವು ಕರಗಿತು.

ವೆಗೆನರನಿಗೆ ದೊರೆಯದ ಕಾರಣವು ಭೂಮಿಯೊಳಗಿನ ತಾಪವೇ. ಅದು ಹೊರಬೀಳುವ ಕ್ರಮದಲ್ಲಿಯೇ ಆಳದ ಲೋಹವು ಸುಳಿಯುವುದು, ಮೇಲಿನ ಫಲಕಗಳು ಸರಿಯುವುವು. ನಮ್ಮ ನೆಲವು ಇಂದಿಗೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರುಗಳಂತೆ ಈಶಾನ್ಯಕ್ಕೆ ಸಾಗುತ್ತಿದೆ. ಹಿಮಾಲಯದ ಭೂಕಂಪಗಳಿಗೆ ಅದೇ ಮೂಲ.

ಭೂಮಿಗೆ ಜಗತೀ, ಅಂದರೆ ಚಲಿಸುವವಳು, ಎಂಬ ಹೆಸರೂ ಉಂಟು. ಪ್ರಾಚೀನರು ಇದೆಲ್ಲವನ್ನೂ ಅರಿತಿದ್ದರೆಂದು ಈ ಶಬ್ದದಿಂದ ಸಾಧಿಸಹೊರಡುವುದು ನ್ಯಾಯವಲ್ಲ. ಅಚಲಾ ಎಂದವರೂ ಅವರೇ. ಶಬ್ದಗಳಲ್ಲಿ ನಮಗೆ ಬೇಕಾದುದನ್ನು ಆರಿಸಿಕೊಳ್ಳಬಹುದು, ಬಂಡೆಯಲ್ಲಿ ಹಾಗಾಗದು. ಕಾರಣವು ತಿಳಿಯದ ಮಾತ್ರಕ್ಕೆ ಕಾರ್ಯವನ್ನೇ ಸುಳ್ಳೆನ್ನಬಾರದೆಂಬುದನ್ನು, ವೆಗೆನರನು ಮಡಿದ ಎಷ್ಟೋ ವರ್ಷಗಳ ಮೇಲೆ, ಕಲ್ಲುಗಳು ಪಂಡಿತರಿಗೆ ಕಲಿಸಿದುವು.