ನಮ್ಮ ದ್ವೀಪ ಕುಕ್ಕೆ ಹತ್ತಿರವೇ ಉಂಟು

ಸೆಮಿಸ್ಟರ್ ಮುಗಿಯುವಾಗ ಪ್ರತಿ ಕ್ಲಾಸ್ ಗ್ರೂಪ್‌ನಲ್ಲೂ ಒಂದೇ ಚರ್ಚೆ: ಟ್ರಿಪ್ ಎಲ್ಲಿಗೆ? ಒಬ್ಬ ಲಕ್ಷದ್ವೀಪ ಅಂತಾನೆ, ಇನ್ನೊಬ್ಬಳು ಅಂಡಮಾನ್ ಅಂತಾಳೆ. ಹವಳ, ಆಮೆ, ಊರವರ ಮನೆಯಲ್ಲಿ ಮೀನೂಟ, ಎಲ್ಲ ಪ್ಲಾನ್ ಆಗ್ತದೆ. ಖರ್ಚಿನ ಲೆಕ್ಕ ಹಾಕಿದ ಮೇಲೆ ಗ್ರೂಪ್ ಸೈಲೆಂಟ್! ಕೊನೆಗೆ ಯಾರೋ "ಕುಮಾರ ಪರ್ವತಕ್ಕೆ ಹೋಗುವನಾ?" ಅಂತ ಕೇಳ್ತಾರೆ, ಸಮಾಧಾನಕರ ಬಹುಮಾನದ ಹಾಗೆ.

ನನ್ನ ಪ್ರಕಾರ ಕುಮಾರ ಪರ್ವತವೂ ದ್ವೀಪವೇ. 1,712 ಮೀಟರ್ ಎತ್ತರದ ಈ ಬೆಟ್ಟದ ಮೇಲ್ಭಾಗದಲ್ಲಿ ಹುಲ್ಲುಗಾವಲು, ಅದರ ಮಡಿಕೆಗಳಲ್ಲಿ ಶೋಲಾ ಕಾಡು. ಸುತ್ತ ಸಮುದ್ರದ ಬದಲು ಬಿಸಿ ಕಣಿವೆ. ಮೇಲಿನ ತಂಪಿಗೆ ಒಗ್ಗಿಹೋದ ಜೀವಿಗಳು ಕಣಿವೆ ದಾಟಿ ಇನ್ನೊಂದು ಬೆಟ್ಟಕ್ಕೆ ಹೋಗುವುದು ಕಷ್ಟ. ಅದಕ್ಕೇ ಪಶ್ಚಿಮ ಘಟ್ಟದ ಇಂಥ ಶಿಖರಗಳನ್ನು ವಿಜ್ಞಾನಿಗಳು 'ಆಕಾಶ ದ್ವೀಪ' ಅಂತಾರೆ. ಶೋಲಾಕಿಳಿ ಎಂಬ ಪುಟ್ಟ ಹಕ್ಕಿಯನ್ನೇ ತಗೊಳ್ಳಿ: ಪಾಲಕ್ಕಾಡ್ ಕಣಿವೆಯ ಉತ್ತರಕ್ಕೆ ಒಂದು ಜಾತಿ, ದಕ್ಷಿಣಕ್ಕೆ ಬೇರೆಯೇ ಜಾತಿ.

ಲಕ್ಷದ್ವೀಪಕ್ಕೆ ಹೊರಗಿನವರು ಹೋಗಬೇಕಾದ್ರೆ ಪರ್ಮಿಟ್ ಬೇಕು. 36 ದ್ವೀಪ ಸೇರಿದ್ರೂ ನೆಲ ಸುಮಾರು 32 ಚದರ ಕಿಲೋಮೀಟರ್ ಮಾತ್ರ, ಹಾಗಾಗಿ ಅದನ್ನು ನಾವು ಒಪ್ತೇವೆ. ಆದ್ರೆ ನಮ್ಮ ಬೆಟ್ಟಕ್ಕೆ ಮಿತಿ ಹಾಕಿದ್ರೆ ಗೊಣಗುತ್ತೇವೆ. 2024ರ ಜನವರಿ ಕೊನೆಯ ರಜೆಯಲ್ಲಿ ಇಲ್ಲಿ ಜಾತ್ರೆಯ ಹಾಗೆ ಜನ ಸೇರಿದ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಆಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದು, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿತು.

"ಕಾಡು ಎಲ್ಲರದ್ದಲ್ವಾ?" ಅಂತ ಕೇಳುವವರಿದ್ದಾರೆ. ಹೌದು, ಎಲ್ಲರದ್ದು. ಆದ್ರೆ ಲಿಫ್ಟ್ ಕೂಡ ಎಲ್ಲರದ್ದೇ, ಒಳಗೆ ಬರೆದ ಸಂಖ್ಯೆಗಿಂತ ಹೆಚ್ಚು ಜನ ಹತ್ತುವುದಿಲ್ಲ. ಲೋಡ್ ಲೆಕ್ಕ ಹಾಕದೆ ಬೀಮ್ ಡಿಸೈನ್ ಮಾಡಿದ್ರೆ ನಮ್ಮನ್ನು ಫೇಲ್ ಮಾಡ್ತಾರೆ. ಬೆಟ್ಟಕ್ಕೆ ಮಾತ್ರ ಲೋಡ್ ಲೆಕ್ಕ ಬೇಡವಾ?

ಆದ್ರೆ ತಲೆ ಎಣಿಸಿದ್ರೆ ಮಾತ್ರ ಸಾಲದು. ದೂರದ ಸಿಟಿಯಿಂದ ಪ್ಯಾಕೇಜ್ ತಗೊಂಡ್ರೆ ಬಸ್ಸು, ಊಟ, ಗೈಡ್ ಎಲ್ಲ ಅಲ್ಲಿಂದಲೇ ಬರ್ತದೆ. ಊರಿಗೆ ಉಳಿಯುವುದು ಚಿಪ್ಸ್ ಪ್ಯಾಕೆಟ್. ಕುಕ್ಕೆಯ ಬ್ರಹ್ಮರಥಕ್ಕೆ ಕಾಡಿನಿಂದ ಬೆತ್ತ ತಂದು ಕಟ್ಟುವವರು ಮಲೆಕುಡಿಯರು. ಅವರಿಗೆ ಗೊತ್ತಿರುವ ಕಾಡು ಯಾವ ಆ್ಯಪ್‌ನಲ್ಲಿ ಉಂಟು? ದಾರಿ ತೋರಿಸುವ ಕೆಲಸ, ಅದರ ಸಂಬಳ ಮೊದಲು ಬುಡದ ಊರುಗಳ ಹುಡುಗ ಹುಡುಗಿಯರಿಗೆ ಸಿಗಬೇಕು. ಕಾಡು ಉಳಿದ್ರೆ ತಮ್ಮ ದುಡಿಮೆ ಉಳೀತದೆ ಅಂತಾದ್ರೆ, ಯಾವ ಬೋರ್ಡಿಗಿಂತಲೂ ಚೆನ್ನಾಗಿ ಅವರೇ ಅದನ್ನು ಕಾಯ್ತಾರೆ.

ಕ್ಲಬ್‌ಗೆ ನನ್ನದೊಂದು ಸಲಹೆ. ಮಳೆ ಮುಗಿದ ಮೇಲೆ ಇಪ್ಪತ್ತೇ ಜನ ಹೋಗುವ. ಕಬಕ ಪುತ್ತೂರಿನಿಂದ ಸುಬ್ರಹ್ಮಣ್ಯ ರೋಡಿಗೆ ರೈಲು, ಅಲ್ಲಿಂದ ಊರಿನದ್ದೇ ಜೀಪು, ಊರಿನದ್ದೇ ಊಟ, ಊರಿನವರೇ ಗೈಡ್. ಸ್ಪೀಕರ್ ಹಾಸ್ಟೆಲ್‌ನಲ್ಲೇ ಇರಲಿ. ಬುಕಿಂಗ್ ಸಿಗದಿದ್ರೆ ಮುಂದಿನ ವಾರ ಹೋದ್ರಾಯ್ತು. ನಮಗೆ ಹೋಗ್ಲಿಕ್ಕೆ ಬೇರೆ ನೂರು ಜಾಗ ಉಂಟು ಮಾರಾಯ್ರೆ, ಆ ಬೆಟ್ಟದ ಜೀವಿಗಳಿಗೆ ಇಲ್ಲ.