ತಿಂಗಳ ಲೆಕ್ಕ ಕಚೇರಿಗೆ ಯಾಕೆ?

ಮುಟ್ಟಿನ ಏರುಪೇರೆಂದು ಬರುವ ಸಹೋದರಿಯರನ್ನು ನಾನು ಮೊದಲು ಕೇಳುವುದು ದಿನಾಂಕ. ಹಿಂದೆ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹಾಕಿದ ಗುರುತನ್ನು ನೆನಪಿಸಿಕೊಂಡು ಹೇಳುತ್ತಿದ್ದರು. ರಮಝಾನಿನಲ್ಲಿ ಬಿಟ್ಟುಹೋದ ಉಪವಾಸಗಳ ಲೆಕ್ಕಕ್ಕೂ ಅದೇ ಗುರುತು. ಈಗ ಮೊಬೈಲ್ ತೆರೆದು ತೋರಿಸುತ್ತಾರೆ. ಆರು ತಿಂಗಳ ವಿವರ ಒಟ್ಟಿಗೆ ಸಿಗುವುದರಿಂದ ಚಿಕಿತ್ಸೆಗೆ ಅನುಕೂಲವೇ ಆಗಿದೆ, ಸುಳ್ಳೇಕೆ ಹೇಳಲಿ?

ಆದರೆ ಇತ್ತೀಚೆಗೆ ಒಬ್ಬರು ತೋರಿಸಿದ ಆ್ಯಪ್ ಅವರ ಕಂಪೆನಿಯೇ 'ಆರೋಗ್ಯ ಸೌಲಭ್ಯ' ಎಂದು ಕೊಟ್ಟದ್ದು. ಮಗುವಿಗಾಗಿ ಪ್ರಯತ್ನಿಸುತ್ತಿರುವುದನ್ನೂ ಅದರಲ್ಲಿ ನಮೂದಿಸಿದ್ದರು. ಸಹೋದ್ಯೋಗಿಗಳಿಗೆ ಮಾತ್ರ ಬಾಯಿ ಬಿಟ್ಟಿರಲಿಲ್ಲ. ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರಿತ್ತಂತೆ.

ನನ್ನ ಆತಂಕ ಬರೀ ಊಹೆಯಲ್ಲ. ಅಮೆರಿಕದಲ್ಲಿ ಓವಿಯಾ ಎಂಬ ಗರ್ಭಧಾರಣೆಯ ಆ್ಯಪ್‌ಗೆ ಉದ್ಯೋಗದಾತರೇ ಹಣ ಕೊಟ್ಟು, ಎಷ್ಟು ನೌಕರಿಣಿಯರು ಗರ್ಭಿಣಿಯರಾಗಲು ಬಯಸುತ್ತಿದ್ದಾರೆ, ಎಷ್ಟು ಮಂದಿಯ ಗರ್ಭಕ್ಕೆ ತೊಡಕಿದೆ ಎಂಬ ಒಟ್ಟು ಅಂಕಿಅಂಶ ಪಡೆಯುತ್ತಿದ್ದುದನ್ನು 2019ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ವರದಿ ಮಾಡಿತು. ಹೆಸರು ಇರುವುದಿಲ್ಲ ಎಂಬುದು ಸಮಾಧಾನವೇ? ಇಪ್ಪತ್ತು ಮಂದಿಯ ಕಚೇರಿಯಲ್ಲಿ ಮದುವೆಯಾದವರು ಇಬ್ಬರೇ ಇದ್ದರೆ ಹೆಸರು ಬೇರೆ ಬೇಕೆ!

ಫ್ಲೋ ಎಂಬ ಆ್ಯಪ್‌ನದು ಇನ್ನೊಂದು ಕಥೆ. ಗುಟ್ಟಾಗಿಡುತ್ತೇವೆಂದು ಮಾತು ಕೊಟ್ಟು, ಬಳಕೆದಾರರ ಆರೋಗ್ಯ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್‌ನಂಥವರಿಗೆ ದಾಟಿಸಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2021ರ ಒಪ್ಪಂದದಂತೆ ಇನ್ನು ಅನುಮತಿ ಕೇಳಿಯೇ ಹಂಚಬೇಕು. ಅದನ್ನು ಬಳಸುತ್ತಿದ್ದವರು ಹತ್ತು ಕೋಟಿಗೂ ಹೆಚ್ಚು.

ನಮ್ಮಲ್ಲಿ ಕಾನೂನಿಲ್ಲವೇ? ಇದೆ. ಹೆರಿಗೆ ರಜೆಯಲ್ಲಿರುವವಳನ್ನು ಕೆಲಸದಿಂದ ತೆಗೆಯುವುದನ್ನು 1961ರ ಕಾಯ್ದೆಯೇ ತಡೆಯಿತು. 2017ರಲ್ಲಿ ರಜೆ 26 ವಾರಕ್ಕೇರಿತು. ಆದರೆ ಆ ಉದ್ದದ ರಜೆಯನ್ನು ಹೊರೆಯೆಂದು ಎಣಿಸುವ ಮಾಲೀಕ, ಇನ್ನೂ ಗರ್ಭಿಣಿಯೇ ಆಗದವಳ ಬಡ್ತಿಯನ್ನು ಸದ್ದಿಲ್ಲದೆ ಬೇರೆಯವರಿಗೆ ಕೊಟ್ಟರೆ? ಕಾರಣವನ್ನು ಅವಳು ಹೇಗೆ ಸಾಬೀತುಪಡಿಸಿಯಾಳು? ಗುಟ್ಟು ಹೊರಹೋಗದಂತೆ ಮೊದಲೇ ನೋಡಿಕೊಳ್ಳುವುದೇ ಇಲ್ಲಿ ರಕ್ಷಣೆ.

ಹಾಗಾಗಿ ಕಚೇರಿ ಕೊಟ್ಟ ಆ್ಯಪ್‌ನಲ್ಲಿ ಮುಟ್ಟು, ಗರ್ಭ, ಗರ್ಭಪಾತದ ವಿಷಯ ಬರೆಯಲೇಬೇಡಿ ಎಂಬುದು ನನ್ನ ಸಲಹೆ. ಕಚೇರಿಯ ಇಮೇಲ್‌ನಿಂದ ಯಾವ ಆರೋಗ್ಯ ಆ್ಯಪ್‌ನಲ್ಲೂ ಖಾತೆ ತೆರೆಯಬೇಡಿ. ನನಗೆ ಬೇಕಾಗಿರುವುದು ದಿನಾಂಕ, ಸ್ರಾವದ ಪ್ರಮಾಣ, ನೋವಿನ ವಿವರ ಅಷ್ಟೆ; ಅದಕ್ಕೆ ಚಿಕ್ಕ ಡೈರಿ ಸಾಕು. ಇರುವ ಆ್ಯಪ್ ಬೇಡವೆನಿಸಿದರೆ ಮೊದಲು ಅದರೊಳಗಿನ ಖಾತೆಯನ್ನೂ ದಾಖಲೆಗಳನ್ನೂ ಅಳಿಸಿ, ಆಮೇಲೆ ಫೋನಿನಿಂದ ತೆಗೆಯಿರಿ. ಬರೀ ಫೋನಿನಿಂದ ತೆಗೆದರೆ ಅವರ ಬಳಿ ಇರುವುದು ಅಲ್ಲೇ ಉಳಿದುಬಿಡಬಹುದು.